ಒಂದು ಡಿಗ್ರಿಯ ಸಂದಿನಲ್ಲಿ



ಒಂದು ಚಿಕ್ಕ ಲೆಕ್ಕದಿಂದ ಶುರು ಮಾಡೋಣ. ಕಾಗದ, ಪೆನ್ಸಿಲು ಬೇಡ. ಇರುವುದು ಎರಡೇ ಅಂಕಿ.

ಸಿಹಿನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಮಂಜುಗಟ್ಟುತ್ತದೆ. ಕಡಲ ನೀರು ಹಾಗಲ್ಲ. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಆ ಉಪ್ಪಿನ ದೆಸೆಯಿಂದ ಅದು ಸೊನ್ನೆ ದಾಟಿ ಇನ್ನೂ ಸುಮಾರು 2 ಡಿಗ್ರಿ ಕೆಳಗೆ ಇಳಿಯುವವರೆಗೂ ನೀರಾಗಿಯೇ ಇರುತ್ತದೆ. ಇದು ಮೊದಲ ಅಂಕಿ. ಎರಡನೆಯದು ಮೀನಿನದು. ಮೀನಿನ ರಕ್ತದಲ್ಲೂ ಉಪ್ಪಿದೆ. ಆದರೆ ಕಡಲ ನೀರಿನ ಮೂರನೇ ಒಂದು ಪಾಲಿನಷ್ಟೇ. ಹಾಗಾಗಿ ಸೊನ್ನೆಯಿಂದ ಒಂದು ಡಿಗ್ರಿಯೂ ಪೂರ್ತಿ ಇಳಿಯುವ ಮೊದಲೇ ಮೀನಿನ ರಕ್ತ ಐಸ್ ಆಗಬೇಕು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಧ್ರುವದ ಕಡಲಿನಲ್ಲಿ ನೀರು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿದೆ. ಅಲ್ಲಿರುವ ಮೀನು ಅದಕ್ಕಿಂತ ಒಂದು ಡಿಗ್ರಿ ಮೊದಲೇ ಮರಗಟ್ಟಿ ಹೋಗಬೇಕಿತ್ತು. ಹೋಗಿಲ್ಲ. ಈಜುತ್ತಿದೆ, ತಿನ್ನುತ್ತಿದೆ, ಮೊಟ್ಟೆ ಇಡುತ್ತಿದೆ. ಈ ಒಂದು ಡಿಗ್ರಿಯ ಸಂದಿನಲ್ಲಿ ಅದು ಬದುಕಿರುವುದು ಹೇಗೆ? ಇವತ್ತಿನ ಮಾತೆಲ್ಲ ಇಷ್ಟರ ಬಗ್ಗೆಯೇ.

ನಾನು ಮೈಸೂರಿನ ನಜರ್‌ಬಾದಿನವನು. ಡಿಸೆಂಬರಿನ ಬೆಳಿಗ್ಗೆ ಉಷ್ಣಾಂಶ 15–16 ಡಿಗ್ರಿಗೆ ಇಳಿದರೆ ನಮ್ಮ ಬೀದಿಯಲ್ಲಿ ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಎಲ್ಲ ಹೊರಗೆ ಬರುತ್ತವೆ. ಇಂಥವನು ಅಂಟಾರ್ಕ್ಟಿಕಾದ ಚಳಿಯ ಬಗ್ಗೆ ಏನು ಹೇಳಿಯಾನು ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ಧ್ರುವದ ಮೀನಿನ ಕಷ್ಟ ಚಳಿಯದಲ್ಲ. ಅದರ ಮೈಯೂ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ನಡುಗುವ ಮಾತೇ ಇಲ್ಲ. ಅದರ ಕಷ್ಟ ಐಸಿನ ಹರಳಿನದು. ಚಳಿ ಬೇರೆ, ಹರಳು ಬೇರೆ. ಇದನ್ನು ನೆನಪಿನಲ್ಲಿಡಿ.

ಮೊದಲು ನಮ್ಮ ಮಗ್ಗುಲಿನ ಕಾರಂಜಿ ಕೆರೆಯನ್ನೇ ತೆಗೆದುಕೊಳ್ಳೋಣ. ಒಂದು ವೇಳೆ ಮೈಸೂರು ಕಾಶ್ಮೀರವಾಗಿ, ಆ ಕೆರೆ ಒಂದು ರಾತ್ರಿ ಮಂಜುಗಟ್ಟಿತು ಅನ್ನಿ. ಕೆರೆಯ ಮೀನು ಸಾಯುತ್ತದೆಯೇ? ಸಾಯುವುದಿಲ್ಲ. ಶ್ರೀನಗರದ ದಾಲ್ ಸರೋವರದ ಮೇಲ್ಮೈ ಕಡುಚಳಿಯಲ್ಲಿ ಮಂಜುಗಟ್ಟುತ್ತದೆ. ಅಲ್ಲಿನ ಮೀನು ಕೆಳಗೆ ಆರಾಮವಾಗಿರುತ್ತದೆ. ಕಾರಣ ಸಿಹಿನೀರಿನ ಒಂದು ವಿಚಿತ್ರ ಗುಣ. ಅದು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಹಗುರಾಗಿ ಮೇಲೇ ನಿಲ್ಲುತ್ತದೆ. ಮೇಲೆ ಮಂಜುಗಡ್ಡೆ, ತಳದಲ್ಲಿ 4 ಡಿಗ್ರಿಯ ನೀರು. ಸಿಹಿನೀರಿನ ಮೀನಿನ ರಕ್ತಕ್ಕೂ ಒಂದಿಷ್ಟು ಉಪ್ಪು ಇರುವುದರಿಂದ ಅದು ಸೊನ್ನೆಯಲ್ಲೂ ಐಸ್ ಆಗುವುದಿಲ್ಲ. ಹಾಗಾಗಿ ಕೆರೆ ಎಷ್ಟೇ ತಣ್ಣಗಾದರೂ, ಅದು ನೀರಾಗಿರುವವರೆಗೆ ಮೀನಿಗೆ ಭಯವಿಲ್ಲ.

ಕಡಲಿಗೆ ಈ ಗುಣ ಇಲ್ಲ. ಉಪ್ಪುನೀರು ತಣ್ಣಗಾದಷ್ಟೂ ಭಾರವಾಗುತ್ತ, ಮಂಜುಗಟ್ಟುವ ಹಂತದವರೆಗೂ ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಮೆಕ್‌ಮರ್ಡೊ ಎಂಬ ಕೊಲ್ಲಿ ಇದೆ. ಅಲ್ಲಿ ಮೇಲಿಂದ ತಳದವರೆಗೆ, ವರ್ಷದ ಹೆಚ್ಚಿನ ಕಾಲ, ನೀರು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ. ಅವಿತುಕೊಳ್ಳಲು ಬೆಚ್ಚನೆಯ ಮೂಲೆ ಇಲ್ಲ. ಸಾಲದ್ದಕ್ಕೆ ನೀರಿನಲ್ಲಿ ಸಣ್ಣಸಣ್ಣ ಐಸಿನ ಹರಳು ತೇಲುತ್ತಿರುತ್ತವೆ. ಸುಮಾರು 30 ಮೀಟರ್ ಆಳದವರೆಗೆ ಕಡಲ ತಳದ ಕಲ್ಲುಗಳಿಗೂ ಐಸ್ ಹತ್ತಿಕೊಂಡಿರುತ್ತದೆ.

ಅಂದರೆ, ಕೆರೆಯ ಮೀನಿಗೆ ಆಸರೆ ಇದೆ, ಕಡಲ ಮೀನಿಗೆ ಇಲ್ಲ. ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಇನ್ನು, ಐಸ್ ಆದರೆ ಏನು ಕೆಡುಕು? ಕರಗಿದ ಮೇಲೆ ಮತ್ತೆ ಮೊದಲಿನಂತಾಗಬಾರದೇಕೆ?

ಇದಕ್ಕೆ ಉತ್ತರ ಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ. ನಜರ್‌ಬಾದಿನಿಂದ ಸಿದ್ಧಾರ್ಥನಗರದ ಕಡೆಗೆ ಹೋದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎಂದು ಹೆಸರಿದ್ದ ಸಂಸ್ಥೆ ಸಿಗುತ್ತದೆ. ಜನರ ಬಾಯಲ್ಲಿ ಡಿ.ಎಫ್.ಆರ್.ಎಲ್. 1961ರಿಂದ ಇದೆ. ಅದು ಶುರುವಾದದ್ದು ಸೈನಿಕರಿಗೆ ಕೆಡದ ಊಟ ತಯಾರಿಸಲು. ಅಂಟಾರ್ಕ್ಟಿಕಾಕ್ಕೆ ಹೋದ ಭಾರತೀಯ ತಂಡಗಳ ಬುತ್ತಿಗೂ ಇಲ್ಲಿಂದ ಆಹಾರ ಹೋಗಿದೆ. ಮೊದಲ ತಂಡ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟು, 1982ರ ಜನವರಿ 9ರಂದು ಆ ಮಂಜಿನ ನೆಲ ಮುಟ್ಟಿತು. ಮುಂದಾಳು ಎಸ್. ಝಡ್. ಖಾಸಿಂ, ಸ್ವತಃ ಕಡಲಜೀವಿಗಳ ವಿಜ್ಞಾನಿ.

ಆಹಾರ ವಿಜ್ಞಾನಿಗಳನ್ನು ಕೇಳಿದರೆ ಅವರು ಹೇಳುವುದು ಇದು. ಮಾಂಸವನ್ನೋ ಮೀನನ್ನೋ ನಿಧಾನವಾಗಿ ತಣ್ಣಗೆ ಮಾಡಿದರೆ ದೊಡ್ಡ ಹರಳುಗಳು ಬೆಳೆಯುತ್ತವೆ. ಹರಳು ಮೊದಲು ಹುಟ್ಟುವುದು ಜೀವಕೋಶಗಳ ಹೊರಗೆ. ಅದು ಶುದ್ಧ ನೀರನ್ನು ಮಾತ್ರ ಎಳೆದುಕೊಳ್ಳುತ್ತದೆ, ಉಪ್ಪನ್ನು ಬಿಡುತ್ತದೆ. ಹೊರಗೆ ಉಳಿದ ದ್ರವ ಕಡು ಉಪ್ಪಾಗುತ್ತದೆ. ಆ ಉಪ್ಪು ಜೀವಕೋಶದೊಳಗಿನ ನೀರನ್ನು ಹೀರುತ್ತದೆ. ಕೋಶ ಸುಕ್ಕುಗಟ್ಟುತ್ತದೆ, ಅದರ ಪೊರೆ ಹರಿಯುತ್ತದೆ. ಫ್ರಿಜ್ಜಿನ ಮೇಲಿನ ಖಾನೆಯಿಂದ ತೆಗೆದ ಮೀನು ಕರಗುವಾಗ ತಟ್ಟೆಯಲ್ಲಿ ನೀರು ನಿಲ್ಲುವುದನ್ನು ನೋಡಿದ್ದೀರಲ್ಲ? ಒಡೆದ ಕೋಶಗಳಿಂದ ಸೋರಿದ್ದು ಅದು. ಸಾರಿಗೆ ಅಷ್ಟರಿಂದ ದೊಡ್ಡ ನಷ್ಟವಿಲ್ಲ. ಬದುಕಿರುವ ಮೀನಿಗೆ ಅಷ್ಟೇ ಸಾವು.

ಹರಳು ಕೊಲ್ಲುತ್ತದೆ ಎಂದಾಯಿತು. ಆದರೆ ಎಲ್ಲರನ್ನೂ ಅಲ್ಲ. ನಕ್ಷತ್ರಮೀನು, ಲೋಳೆಮೀನು, ಕಡಲ ಹುಳು, ಸೀಗಡಿ, ಇವುಗಳ ಮೈಯೊಳಗಿನ ದ್ರವ ಕಡಲ ನೀರಿನಷ್ಟೇ ಉಪ್ಪು. ಕಡಲು ಮಂಜುಗಟ್ಟದೆ ಇವು ಮಂಜುಗಟ್ಟುವುದಿಲ್ಲ. ಇವುಗಳಿಗೆ ಆ ಒಂದು ಡಿಗ್ರಿಯ ಸಂದೇ ಇಲ್ಲ. ಶಾರ್ಕುಗಳು ಇನ್ನೊಂದು ದಾರಿ ಹಿಡಿದಿವೆ. ಅವು ರಕ್ತದಲ್ಲಿ ಯೂರಿಯಾ ತುಂಬಿಕೊಂಡಿವೆ. ಹೌದು, ನಾವು ಗದ್ದೆಗೆ ಚೆಲ್ಲುವ ಅದೇ ಯೂರಿಯಾ. ಅದರಿಂದ ಅವುಗಳ ರಕ್ತ ಕಡಲ ನೀರಿಗೆ ಸರಿಸಮ ಗಾಢವಾಗುತ್ತದೆ. ಉತ್ತರ ಧ್ರುವದ ಕಡೆಯ ಗ್ರೀನ್‌ಲ್ಯಾಂಡ್ ಶಾರ್ಕ್ ಹೀಗೇ ಬದುಕುತ್ತದೆ. ಎಷ್ಟು ಕಾಲ ಗೊತ್ತೇ? 2016ರಲ್ಲಿ ವಿಜ್ಞಾನಿಗಳು ಅದರ ಕಣ್ಣಿನ ಮಸೂರವನ್ನು ಪರೀಕ್ಷಿಸಿ, ಕಡಿಮೆಯೆಂದರೂ 270 ವರ್ಷ ಎಂದರು. 400ರ ಹತ್ತಿರವೂ ಹೋಗಬಹುದು. ಟಿಪ್ಪುವಿನ ಕಾಲದಲ್ಲಿ ನಮ್ಮ ನಜರ್‌ಬಾದ್ ಹುಟ್ಟಿದಾಗ ಆಗಲೇ ಈಜುತ್ತಿದ್ದ ಶಾರ್ಕ್ ಇವತ್ತೂ ಅಲ್ಲಿ ಎಲ್ಲೋ ಇರಬಹುದು.

ಹೀಗೆ ಬಹುಪಾಲು ಜೀವಿಗಳು ಸಂದನ್ನೇ ಮುಚ್ಚಿಕೊಂಡಿವೆ. ಸಿಕ್ಕಿಬಿದ್ದದ್ದು ಮೂಳೆಮೀನು, ನಮ್ಮ ಬಂಗುಡೆ, ಬೂತಾಯಿಗಳ ದೂರದ ನೆಂಟರು. ಈಗ ಅವುಗಳ ಕಥೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ.

1950ರ ದಶಕ. ಪರ್ ಶೊಲಾಂಡರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ಮೀನು ಹಿಡಿಯುತ್ತಿದ್ದರು. ಆಳದ ನೀರಿನ ಮೀನುಗಳನ್ನು ನೋಡಿದರು. ಅವು ಐಸ್ ಆಗಬೇಕಾದ ಉಷ್ಣಾಂಶದಲ್ಲೇ ಇದ್ದವು, ಆದರೂ ಬದುಕಿದ್ದವು. ಮೇಲೆ ತಂದು ಒಂದು ಚೂರು ಐಸ್ ಮುಟ್ಟಿಸಿದರು. ಅಷ್ಟೇ. ಮೀನು ನೋಡನೋಡುತ್ತಲೇ ಮರಗಟ್ಟಿ ಸತ್ತಿತು. ಅರ್ಥ ಏನು? ನೀರು ತನ್ನಷ್ಟಕ್ಕೆ ತಾನೇ ಮಂಜಾಗುವುದಕ್ಕೆ ಹಿಂದೇಟು ಹಾಕುತ್ತದೆ. ಅದಕ್ಕೊಂದು ಬೀಜದ ಹರಳು ಬೇಕು. ಆಳದಲ್ಲಿ ಹರಳಿಲ್ಲ, ಹಾಗಾಗಿ ಆ ಮೀನು ಅಪಾಯದ ಅಂಚಿನಲ್ಲಿ ಬದುಕಿಕೊಂಡಿತ್ತು. ಆದರೆ ದಡದ ಹತ್ತಿರ, ಹರಳುಗಳ ನಡುವೆಯೇ ಓಡಾಡುವ ಮೀನುಗಳೂ ಚಳಿಗಾಲದಲ್ಲಿ ಸಾಯುತ್ತಿರಲಿಲ್ಲ. ಅವುಗಳ ರಕ್ತದಲ್ಲಿ ಉಪ್ಪಲ್ಲದ ಮತ್ತೇನೋ ಇತ್ತು.

ಆ ‘ಮತ್ತೇನೋ’ ಸಿಕ್ಕಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ. 1960ರ ದಶಕದ ಮೊದಲಲ್ಲಿ ಆರ್ಥರ್ ಡಿವ್ರೀಸ್ ಎಂಬ ಅಮೆರಿಕದ ತರುಣ ಮೆಕ್‌ಮರ್ಡೊಗೆ ಹೋದರು. ಎರಡು ಮೀಟರಿಗೂ ದಪ್ಪದ ಐಸಿನಲ್ಲಿ ಬಾವಿಯಂಥ ರಂಧ್ರ ಕೊರೆದು ಮೀನು ಹಿಡಿದರು. ರಕ್ತ ತೆಗೆದು, ಎಷ್ಟು ಉಪ್ಪಿದೆ ಎಂದು ಲೆಕ್ಕ ಹಾಕಿದರು. ಉಪ್ಪಿನಿಂದ ಅರ್ಧ ಲೆಕ್ಕ ಮಾತ್ರ ಸರಿಹೋಯಿತು. ಉಳಿದರ್ಧ ಒಂದು ಪ್ರೋಟೀನಿನ ಕೆಲಸ ಎಂದು ತಿಳಿಯಿತು. ಸಕ್ಕರೆಯ ಕಣಗಳು ಅಂಟಿಕೊಂಡ ಪ್ರೋಟೀನ್. 1969ರಲ್ಲಿ ಇದು ಪ್ರಕಟವಾಯಿತು. ಇದನ್ನು ಆಂಟಿಫ್ರೀಜ್ ಪ್ರೋಟೀನ್ ಎನ್ನುತ್ತಾರೆ. ನಾನು ಮಂಜುತಡೆ ಪ್ರೋಟೀನ್ ಎನ್ನುತ್ತೇನೆ.

ಇದರ ರಚನೆ ತುಂಬ ಸರಳ. ಮೂರೇ ಅಮೈನೋ ಆಮ್ಲಗಳ ಒಂದು ತುಣುಕು. ಅಲನಿನ್, ಅಲನಿನ್, ಥ್ರಿಯೊನಿನ್. ಅದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಅಷ್ಟೇ. ಥ್ರಿಯೊನಿನ್ ಬಂದಲ್ಲೆಲ್ಲ ಒಂದು ಜೋಡಿ ಸಕ್ಕರೆ. ಆದರೆ ಕೆಲಸ ನೋಡಿ. ಕಣಕ್ಕೆ ಕಣ ಹೋಲಿಸಿದರೆ ಇದು ಉಪ್ಪಿಗಿಂತ ನೂರಾರು ಪಟ್ಟು ಬಲವಾಗಿ ಮಂಜನ್ನು ತಡೆಯುತ್ತದೆ. ಉಪ್ಪು ಮಾಡುವ ಕೆಲಸವನ್ನೇ ಇದು ಜೋರಾಗಿ ಮಾಡುತ್ತಿಲ್ಲ. ಇದರ ದಾರಿಯೇ ಬೇರೆ. ಹರಳು ಹುಟ್ಟುವುದನ್ನು ಇದು ತಡೆಯುವುದಿಲ್ಲ. ಹುಟ್ಟಿದ ಹರಳಿನ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ಹರಳು ಬೆಳೆಯುವಂತಿಲ್ಲ. ಬೆಳೆದರೆ ಎರಡು ಪ್ರೋಟೀನುಗಳ ನಡುವಿನ ಕಿರಿದಾದ ಜಾಗದಲ್ಲಿ, ಉಬ್ಬಿಕೊಂಡು ಬೆಳೆಯಬೇಕು. ಹಾಗೆ ಉಬ್ಬಿದ ಮೈಗೆ ಹೊಸ ನೀರಿನ ಕಣ ಸುಲಭವಾಗಿ ಹತ್ತುವುದಿಲ್ಲ. ಇನ್ನೂ ತಣ್ಣಗಾಗಬೇಕು. ಎಷ್ಟು ತಣ್ಣಗೆ? ಕಡಲ ನೀರು ಎಂದೂ ಮುಟ್ಟದಷ್ಟು. ಹೀಗೆ ಒಂದು ಡಿಗ್ರಿಯ ಸಂದು ಮುಚ್ಚಿತು, ಮೇಲೆ ಸ್ವಲ್ಪ ಉಳಿಕೆಯೂ ಆಯಿತು.

ಹರಳು ಹುಟ್ಟಲಿ, ಬೆಳೆಯಬಾರದು. ಮೀನಿನ ಉಪಾಯ ಇಷ್ಟೇ. ಇದನ್ನು ಹಿಡಿದುಕೊಂಡರೆ ಮುಂದಿನದು ಸುಲಭ.

ಹರಳು ಮೈಯೊಳಗೆ ಬರುವುದು ಎಲ್ಲಿಂದ? ಮುಖ್ಯವಾಗಿ ಬಾಯಿಂದ. ಕಡಲ ಮೀನು ನೀರು ಕುಡಿಯಲೇಬೇಕು. ಕುಡಿದ ನೀರಿನೊಂದಿಗೆ, ತಿಂದ ಆಹಾರದೊಂದಿಗೆ ಹರಳು ಕರುಳಿಗೆ ಇಳಿಯುತ್ತದೆ. ಹಾಗಾಗಿ ಕಾವಲು ಕರುಳಿನಲ್ಲೇ ಶುರುವಾಗಬೇಕು. ಈ ಪ್ರೋಟೀನ್ ಯಕೃತ್ತಿನಲ್ಲಿ ತಯಾರಾಗುತ್ತದೆ ಎಂದು ಬಹಳ ವರ್ಷ ನಂಬಿದ್ದರು. 2006ರಲ್ಲಿ ಡಿವ್ರೀಸರ ಸಹೋದ್ಯೋಗಿ ಕ್ರಿಸ್ಟಿನಾ ಚೆಂಗ್ ಮತ್ತು ತಂಡದವರು ತೋರಿಸಿಕೊಟ್ಟದ್ದು ಬೇರೆ. ತಯಾರಿಸುವುದು ಮೇದೋಜೀರಕ ಗ್ರಂಥಿ. ಅಲ್ಲಿಂದ ಅದು ಜೀರ್ಣರಸದೊಂದಿಗೆ ನೇರ ಕರುಳಿಗೆ ಹರಿಯುತ್ತದೆ. ಮೂತ್ರದಲ್ಲಿ ಸೋರಿಹೋಗುವುದೂ ಇಲ್ಲ. ಈ ಮೀನುಗಳಲ್ಲಿ ಅನೇಕವುಗಳ ಮೂತ್ರಪಿಂಡದಲ್ಲಿ ರಕ್ತ ಸೋಸುವ ಗುಚ್ಛಗಳೇ ಇಲ್ಲ. ಕಷ್ಟಪಟ್ಟು ಮಾಡಿದ ಪ್ರೋಟೀನನ್ನು ಚೆಲ್ಲುವುದುಂಟೆ?

ಇನ್ನೊಂದು ಸ್ವಾರಸ್ಯ. ಜೀರ್ಣಕ್ಕೆ ಬೇಕಾದ ಟ್ರಿಪ್ಸಿನ್ ಎಂಬ ಕಿಣ್ವ ನಮ್ಮಲ್ಲೂ ಇದೆ, ಮೀನಿನಲ್ಲೂ ಇದೆ. ಅದನ್ನು ಮಾಡುವ ಜೀನಿನ ಒಂದು ತುಂಡೇ ತಿದ್ದುಪಾಟಾಗಿ, ಪುನರಾವರ್ತನೆಯಾಗಿ ಅಂಟಾರ್ಕ್ಟಿಕಾದ ಮೀನಿನ ಮಂಜುತಡೆ ಜೀನು ಆಯಿತು. ಇದು ತಿಳಿದದ್ದು 1997ರಲ್ಲಿ. ಅದೇ ವರ್ಷ ಇನ್ನೊಂದು ಸಂಗತಿಯೂ ಹೊರಬಿತ್ತು. ಉತ್ತರ ಧ್ರುವದ ಕಾಡ್ ಮೀನಿನಲ್ಲೂ ಬಹುತೇಕ ಇದೇ ಪ್ರೋಟೀನ್ ಇದೆ. ಆದರೆ ಅದು ಟ್ರಿಪ್ಸಿನ್ ಜೀನಿನಿಂದ ಬಂದದ್ದಲ್ಲ. ಇವೆರಡೂ ಮೀನುಗಳು ಹತ್ತಿರದ ನೆಂಟರಲ್ಲ. ಒಂದು ಭೂಮಿಯ ನೆತ್ತಿಯಲ್ಲಿ, ಒಂದು ಅಡಿಯಲ್ಲಿ. ಒಂದೇ ಕಷ್ಟಕ್ಕೆ ಬೇರೆಬೇರೆ ಸಾಮಾನಿನಿಂದ ಒಂದೇ ಉಪಾಯ ಹೊಳೆದಿದೆ. ವಿಕಾಸವಾದದ ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ ಎಂದು ನನಗನಿಸುತ್ತದೆ. ನಮ್ಮ ಪಠ್ಯಪುಸ್ತಕಗಳು ಇನ್ನೂ ಜಿರಾಫೆಯ ಕುತ್ತಿಗೆಯನ್ನು ಬಿಟ್ಟು ಹೊರಬಂದಿಲ್ಲ.

ಹರಳು ಬೆಳೆಯುವುದಿಲ್ಲ, ಸರಿ. ಆದರೆ ಇರುವ ಹರಳು ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಮೀನಿನ ಗುಲ್ಮದಲ್ಲಿ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್ ಎಂಬ ಅಂಗದಲ್ಲಿ ಸೇರಿಕೊಂಡಿರುತ್ತದೆ. ಬೇಸಿಗೆಯಲ್ಲಿ ಕರಗಬಹುದಲ್ಲ ಎಂದರೆ, ಅದಕ್ಕೂ ಅಡ್ಡಿ. ಹರಳಿನ ಮೈಗೆ ಅಂಟಿದ ಪ್ರೋಟೀನ್ ಅದನ್ನು ಬೆಳೆಯಲು ಬಿಡದ ಹಾಗೆಯೇ ಕರಗಲೂ ಬಿಡುವುದಿಲ್ಲ. 2014ರಲ್ಲಿ ಇದನ್ನು ತೋರಿಸಿದವರು ಮೆಕ್‌ಮರ್ಡೊದ ನೀರಿನ ಹನ್ನೊಂದು ವರ್ಷಗಳ ಉಷ್ಣಾಂಶದ ದಾಖಲೆಯನ್ನೂ ನೋಡಿದರು. ಆ ಹರಳು ಕರಗುವಷ್ಟು ಬಿಸಿ ಒಮ್ಮೆಯೂ ಆಗಿರಲಿಲ್ಲ. ಹಾಗಾದರೆ ಆ ಮೀನು ಹೊಟ್ಟೆಯಲ್ಲಿ ಐಸ್ ಹೊತ್ತುಕೊಂಡೇ ಆಯುಸ್ಸು ಕಳೆಯುತ್ತದೆ ಎನ್ನಬೇಕು. ಕೊಲ್ಲುವ ಹಗೆಯನ್ನು ಕೊಲ್ಲದೆ, ಕೈಕಾಲು ಕಟ್ಟಿ ಮನೆಯಲ್ಲೇ ಕೂಡಿಹಾಕಿಕೊಂಡ ಹಾಗೆ.

ಈ ಪ್ರೋಟೀನಿನ ಜಾತಿಯ ಇನ್ನೊಂದು ವಸ್ತು ಮನುಷ್ಯರ ಬಾಯಿಗೂ ಬಂದಿದೆ. ಉತ್ತರ ಅಟ್ಲಾಂಟಿಕಿನ ಓಷನ್ ಪೌಟ್ ಎಂಬ ಮೀನಿನ ಜೀನನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದ ಆ ಪ್ರೋಟೀನ್ ಮಾಡಿಸುತ್ತಾರೆ. ಅದನ್ನು ಐಸ್‌ಕ್ರೀಮಿಗೆ ಬೆರೆಸಿದರೆ ಹರಳು ದಪ್ಪವಾಗುವುದಿಲ್ಲ, ನಾಲಿಗೆಗೆ ನುಣುಪಾಗಿರುತ್ತದೆ. ಅಮೆರಿಕದಲ್ಲಿ 2003ರಲ್ಲಿ, ಯುರೋಪಿನಲ್ಲಿ 2009ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಇಷ್ಟು ಹೊತ್ತು ಐಸಿನ ಹರಳಿನ ಮಾತಾಯಿತು. ಹರಳನ್ನು ಗೆದ್ದ ಮೇಲೂ ಮೈ ಓಡಾಡಬೇಕಲ್ಲ? ತಣ್ಣಗಿನ ಮೈಯಲ್ಲಿ ಎಲ್ಲವೂ ಗಟ್ಟಿಯಾಗುತ್ತದೆ, ನಿಧಾನವಾಗುತ್ತದೆ. ಚಳಿಗಾಲದ ಬೆಳಿಗ್ಗೆ ನಿಮ್ಮ ಮನೆಯ ಕೊಬ್ಬರಿ ಎಣ್ಣೆಯ ಶೀಸೆಯನ್ನು ನೆನೆಸಿಕೊಳ್ಳಿ. ಬಗ್ಗಿಸಿದರೆ ಬೀಳುವುದಿಲ್ಲ. ಪಕ್ಕದಲ್ಲೇ ಇರುವ ಎಳ್ಳೆಣ್ಣೆ ಸಲೀಸಾಗಿ ಸುರಿಯುತ್ತದೆ. ಕೊಬ್ಬಿನ ಸರಪಳಿಗಳು ನೆಟ್ಟಗಿದ್ದರೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ಅಲ್ಲಲ್ಲಿ ಬಾಗಿದ್ದರೆ ಕೂರಲಾಗದೆ ಹರಿಯುತ್ತವೆ. ಜೀವಕೋಶದ ಪೊರೆಯೂ ಕೊಬ್ಬಿನದೇ. ಧ್ರುವದ ಜೀವಿಗಳು ತಮ್ಮ ಪೊರೆಯಲ್ಲಿ ಬಾಗಿದ ಸರಪಳಿಗಳನ್ನು ಹೆಚ್ಚಾಗಿ ಇಟ್ಟುಕೊಂಡಿವೆ. ಅವುಗಳ ಕಿಣ್ವಗಳೂ ಸಡಿಲವಾಗಿ, ತಣ್ಣೀರಿನಲ್ಲೂ ತಿರುಗುವ ಹಾಗೆ ಇವೆ. ಡಾಕ್ಟರು ಬರೆದುಕೊಡುವ ಮೀನೆಣ್ಣೆಯ ಮಾತ್ರೆಯೊಳಗೆ ಇರುವುದೂ ಇಂಥ ಬಾಗಿದ ಸರಪಳಿಗಳೇ.

ಇನ್ನು ರಕ್ತದ ಮಾತು. ಅಂಟಾರ್ಕ್ಟಿಕಾದ ಸುತ್ತಮುತ್ತ ಐಸ್‌ಫಿಶ್ ಎಂಬ ಕುಟುಂಬ ಇದೆ. ಸುಮಾರು 16 ಜಾತಿಗಳು. ಅವುಗಳ ರಕ್ತ ಕೆಂಪಲ್ಲ, ಹೆಚ್ಚುಕಡಿಮೆ ನೀರಿನ ಬಣ್ಣ. ಕಿವಿರು ಬಿಳಿಚಿಕೊಂಡಿರುತ್ತದೆ. ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡಿ ಕೊಳ್ಳುವ ನಮ್ಮ ಗಿರಾಕಿಗಳು ಇದನ್ನು ಮುಟ್ಟಲಾರರು. ತಿಮಿಂಗಿಲ ಬೇಟೆಯ ನಾರ್ವೆಯವರು ಹೀಗೊಂದು ರಕ್ತವಿಲ್ಲದ ಮೀನಿದೆ ಎಂದು 1920ರ ದಶಕದಲ್ಲೇ ಹೇಳುತ್ತಿದ್ದರು. ಯೊಹಾನ್ ರೂಡ್ ಎಂಬ ವಿಜ್ಞಾನಿ ಅದನ್ನು ತಮಾಷೆ ಎಂದುಕೊಂಡರು. ಆಮೇಲೆ ತಾವೇ ಹೋಗಿ ಪರೀಕ್ಷಿಸಿ, 1954ರಲ್ಲಿ ನಿಜವೆಂದು ಬರೆದರು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿ ಇಲ್ಲವೇ ಇಲ್ಲ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ದೊಡ್ಡವಾದ ಮೇಲೂ ಹೀಗಿರುವ ಕುಟುಂಬ ಇದೊಂದೇ.

ನಡೆಯುವುದು ಹೇಗೆ? ನೀರು ತಣ್ಣಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಹೆಚ್ಚು. ನಮ್ಮ ಕೆರೆಗಳ ಬೇಸಿಗೆಯ ನೀರಿಗಿಂತ ಸೊನ್ನೆಯ ನೀರಿನಲ್ಲಿ ಹತ್ತಿರಹತ್ತಿರ ಎರಡು ಪಟ್ಟು ಹಿಡಿಯುತ್ತದೆ. ಅದು ನೇರವಾಗಿ ರಕ್ತದ ನೀರಿನಲ್ಲೇ ಕರಗುತ್ತದೆ. ಆದರೂ ಸಾಲುವುದಿಲ್ಲ. ಅದಕ್ಕೇ ದೊಡ್ಡ ಹೃದಯ, ಅಗಲವಾದ ರಕ್ತನಾಳ, ಕೆಂಪು ರಕ್ತದ ಮೀನಿಗಿಂತ ಕೆಲವು ಪಟ್ಟು ಹೆಚ್ಚು ರಕ್ತ. ಇದನ್ನು ಜಾಣತನ ಎಂದು ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಕಾಲದಲ್ಲೋ ಒಂದು ಜೀನು ಕಳೆದುಹೋಯಿತು. ಬೇರೆ ಯಾವ ಕಡಲಿನಲ್ಲಾದರೂ ಅಲ್ಲಿಗೇ ವಂಶ ಮುಗಿಯುತ್ತಿತ್ತು. ಈ ತಣ್ಣೀರು ಆ ನಷ್ಟವನ್ನು ಸಹಿಸಿಕೊಂಡಿತು. ಅಷ್ಟು ಹೇಳಿದರೆ ಸಾಕು. ಆ ನಷ್ಟ ಇಟ್ಟುಕೊಂಡೇ ಅವು ಚೆನ್ನಾಗಿ ಬಾಳಿವೆ ಎಂಬುದೂ ನಿಜ. 2021ರಲ್ಲಿ ಪೋಲಾರ್‌ಸ್ಟರ್ನ್ ಎಂಬ ಜರ್ಮನ್ ಹಡಗಿನವರು ವೆಡೆಲ್ ಕಡಲಿನಲ್ಲಿ, ಅರ್ಧ ಕಿಲೋಮೀಟರ್ ಆಳದಲ್ಲಿ, ಐಸ್‌ಫಿಶ್‌ಗಳ ಗೂಡುಗಳನ್ನು ಕಂಡರು. ಮುಕ್ಕಾಲು ಮೀಟರ್ ಅಗಲದ ತಗ್ಗು, ಸುತ್ತ ಸಣ್ಣ ಕಲ್ಲು, ಒಳಗೆ ಸಾವಿರಕ್ಕೂ ಮಿಕ್ಕಿ ಮೊಟ್ಟೆ. ಅನೇಕ ಗೂಡುಗಳಲ್ಲಿ ಕಾವಲಿಗೆ ಒಂದು ಮೀನು. ಅಂಥ ಗೂಡುಗಳು ಸುಮಾರು 6 ಕೋಟಿ ಇರಬಹುದೆಂದು ಅಂದಾಜು.

ಮೀನು ಹರಳನ್ನು ತಡೆಯುತ್ತದೆ, ಅದರ ಪೊರೆ ಸಡಿಲವಾಗಿರುತ್ತದೆ, ಕೆಲವಕ್ಕೆ ಕೆಂಪು ರಕ್ತವೂ ಬೇಡ. ಇಲ್ಲಿಗೆ ಮೀನಿನದು ಸದ್ಯಕ್ಕೆ ಸಾಕು. ಐಸನ್ನು ಹಗೆ ಎಂದು ನೋಡದೆ, ಅದರಲ್ಲೇ ಮನೆ ಮಾಡಿಕೊಂಡವರೂ ಇದ್ದಾರೆ.

ಹರಳು ಕಟ್ಟುವಾಗ ಉಪ್ಪು ಹೊರಗೆ ಉಳಿಯುತ್ತದೆ ಎಂದೆನಲ್ಲ? ಕಡಲ ನೀರು ಮಂಜುಗಟ್ಟುವಾಗಲೂ ಹಾಗೆಯೇ. ಆ ಕಡು ಉಪ್ಪುನೀರು ಗಡ್ಡೆಯೊಳಗೆ ಕೂದಲೆಳೆಯಂಥ ಸಣ್ಣ ನಾಳಗಳಲ್ಲಿ ಸೇರಿಕೊಳ್ಳುತ್ತದೆ. ಅದು ಸುಲಭಕ್ಕೆ ಐಸ್ ಆಗುವುದಿಲ್ಲ. ಅಲ್ಲಿ ಡಯಾಟಮ್ ಎಂಬ ಪಾಚಿಗಳು ವಾಸ ಮಾಡುತ್ತವೆ. ಗಡ್ಡೆಯ ಅಡಿಭಾಗವನ್ನು ಮಗುಚಿ ನೋಡಿದರೆ ಕಂದು ಬಣ್ಣ. ಅದೇ ಅಲ್ಲಿನ ಹುಲ್ಲುಗಾವಲು. ಮೇಯುವುದು ಕ್ರಿಲ್. ಹೆಬ್ಬೆರಳುದ್ದದ, ಸೀಗಡಿಯ ಹಾಗೆ ಕಾಣುವ ಪ್ರಾಣಿ. ಎಳೆಯ ಕ್ರಿಲ್‌ಗಳು ಇಡೀ ಚಳಿಗಾಲ ಗಡ್ಡೆಯ ಅಡಿಯನ್ನು ಕೆರೆದು ತಿಂದು ಬದುಕುತ್ತವೆ. ದೊಡ್ಡವಕ್ಕೆ ಇನ್ನೊಂದು ಉಪಾಯವೂ ಗೊತ್ತು. ಊಟ ಸಿಗದಿದ್ದರೆ ಪೊರೆ ಕಳಚಿ, ಮೊದಲಿಗಿಂತ ಚಿಕ್ಕದಾಗುತ್ತವೆ. ಪ್ರಯೋಗಾಲಯದಲ್ಲಿ ಹೀಗೆ 200 ದಿನ ಉಪವಾಸ ಕಳೆದ ಕ್ರಿಲ್ ಉಂಟು.

ಅಂಟಾರ್ಕ್ಟಿಕಾದ ಕ್ರಿಲ್ ಎಲ್ಲ ಸೇರಿ 30ರಿಂದ 50 ಕೋಟಿ ಟನ್ ಎನ್ನುತ್ತಾರೆ. ಪೆಂಗ್ವಿನ್, ಸೀಲ್, ತಿಮಿಂಗಿಲ ಎಲ್ಲರಿಗೂ ಅದೇ ಊಟ. 1995–96ರಲ್ಲಿ ನಮ್ಮ ಸಾಗರ್ ಸಂಪದಾ ಹಡಗೂ ಕ್ರಿಲ್ ಅಧ್ಯಯನಕ್ಕೆಂದು ದಕ್ಷಿಣ ಸಾಗರಕ್ಕೆ ಹೋಗಿಬಂತು. ಕ್ರಿಲ್ ಮನುಷ್ಯರ ಊಟವಾಗಬಹುದೆಂದು ಜಗತ್ತು ಒಂದು ಕಾಲದಲ್ಲಿ ಬಹಳ ಆಸೆ ಇಟ್ಟಿತ್ತು. ಆದರೆ ಅದರ ಚಿಪ್ಪಿನಲ್ಲಿ ಫ್ಲೋರೈಡ್ ಹೆಚ್ಚು. ಹಿಡಿದ ಕೆಲವೇ ಗಂಟೆಗಳಲ್ಲಿ ಅದರದೇ ಕಿಣ್ವಗಳು ಅದರ ಮಾಂಸವನ್ನು ಕರಗಿಸಿಬಿಡುತ್ತವೆ. ಕೋಲಾರ, ಪಾವಗಡದ ನೀರು ಕುಡಿದವರಿಗೆ ಫ್ಲೋರೈಡಿನ ವಿಷಯ ನಾನು ವಿವರಿಸಬೇಕಿಲ್ಲ.

ನಕ್ಷತ್ರಮೀನಿಗೆ ಭಯವಿಲ್ಲ ಎಂದು ಆಗ ಹೇಳಿದೆ. ಒಂದು ವಿನಾಯಿತಿ ಇದೆ. ಗಡ್ಡೆಯಿಂದ ಸೋರುವ ಕಡು ಉಪ್ಪುನೀರು ಸುತ್ತಲಿನ ನೀರಿಗಿಂತಲೂ ಬಹಳ ತಣ್ಣಗಿರುತ್ತದೆ. ಅದು ಕೆಳಗಿಳಿಯುವಾಗ ಸುತ್ತಲಿನ ನೀರೇ ಐಸಿನ ಕೊಳವೆಯಾಗಿ ಕಟ್ಟಿಕೊಳ್ಳುತ್ತ ತಳ ಮುಟ್ಟುತ್ತದೆ. ತಳದಲ್ಲಿ ಹರಡುವಾಗ ದಾರಿಯಲ್ಲಿ ಸಿಕ್ಕ ನಕ್ಷತ್ರಮೀನುಗಳನ್ನು ಮಂಜಾಗಿಸಿಬಿಡುತ್ತದೆ. 2011ರಲ್ಲಿ ಬಿಬಿಸಿಯವರ ಕ್ಯಾಮೆರಾಕ್ಕೆ ಇದು ಸಿಕ್ಕಿತು. ನಿಧಾನಕ್ಕೆ ನಡೆಯುವ ಪ್ರಾಣಿಗೆ ತಪ್ಪಿಸಿಕೊಳ್ಳುವುದು ಆಗಲಿಲ್ಲ.

ಬಿಸಿರಕ್ತದವರ ಬಗ್ಗೆ ಎರಡೇ ಮಾತು. ಸೀಲ್, ತಿಮಿಂಗಿಲಗಳ ಮೈ ನಮ್ಮಷ್ಟೇ ಬಿಸಿ. ಅವಕ್ಕೆ ಹರಳಿನ ಭಯವಿಲ್ಲ, ಚಳಿಯ ಭಯ ಇದೆ. ಅದಕ್ಕೆ ಚರ್ಮದ ಕೆಳಗೆ ದಪ್ಪ ಕೊಬ್ಬು. ಉತ್ತರ ಧ್ರುವದ ಬೋಹೆಡ್ ತಿಮಿಂಗಿಲದಲ್ಲಿ ಅದು ಅರ್ಧ ಮೀಟರಿನವರೆಗೆ. ಆದರೆ ಐಸ್ ಇವರನ್ನೂ ಬೇರೆ ರೀತಿಯಲ್ಲಿ ಕಾಡುತ್ತದೆ. ವೆಡೆಲ್ ಸೀಲ್ ಗಡ್ಡೆಯ ಕೆಳಗೆ ಒಂದು ಗಂಟೆಗೂ ಹೆಚ್ಚು ಮುಳುಗಿರಬಲ್ಲದು. ಉಸಿರಿಗೆ ಮಾತ್ರ ಮೇಲೆ ಬರಲೇಬೇಕು. ಮುಚ್ಚಿಹೋಗುವ ರಂಧ್ರವನ್ನು ಚಳಿಗಾಲವಿಡೀ ಹಲ್ಲಿನಿಂದ ಕೆರೆದು ಕೆರೆದು ತೆರೆದಿಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಹಲ್ಲು ಸವೆಯುತ್ತದೆ. ಹಲ್ಲು ಸವೆದ ಸೀಲ್ ಹೆಚ್ಚು ದಿನ ಉಳಿಯುವುದಿಲ್ಲ.

ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಈಗ ಮೀನಿಗೇ ಹಿಂತಿರುಗೋಣ. ಒಂದು ಡಿಗ್ರಿಯ ಸಂದನ್ನು ಗೆದ್ದದ್ದಕ್ಕೆ ಅದು ತೆತ್ತ ಬೆಲೆ ಏನು?

1967ರಲ್ಲಿ ಡಿವ್ರೀಸ್ ಮತ್ತು ಜಾರ್ಜ್ ಸೊಮೆರೊ ಮೆಕ್‌ಮರ್ಡೊದ ಮೀನುಗಳನ್ನು ಸ್ವಲ್ಪ ಸ್ವಲ್ಪವೇ ಬೆಚ್ಚಗಿನ ನೀರಿಗೆ ಬಿಟ್ಟು ನೋಡಿದರು. ಸುಮಾರು 6 ಡಿಗ್ರಿಗೆ ಅವು ಸತ್ತವು. ಕೇಳುಗರೇ, 60 ಅಲ್ಲ, 6. ಸೆಖೆಯಿಂದ ಸತ್ತವು. ಆಮೇಲೆ ತಿಳಿದದ್ದೇನೆಂದರೆ, ಬಿಸಿ ತಗುಲಿದಾಗ ಕೆಡುವ ಪ್ರೋಟೀನುಗಳನ್ನು ರಿಪೇರಿ ಮಾಡಲು ಹೊಸ ಆಳುಗಳನ್ನು ಕರೆಸುವ ವ್ಯವಸ್ಥೆ ಹೆಚ್ಚುಕಡಿಮೆ ಎಲ್ಲ ಜೀವಿಗಳಲ್ಲೂ ಇದೆ. ಇವುಗಳಲ್ಲಿ ಕೆಲವು ಅದನ್ನು ಕಳೆದುಕೊಂಡಿವೆ. ಕೋಟ್ಯಂತರ ವರ್ಷ ನೀರು ಬಿಸಿಯಾಗಲೇ ಇಲ್ಲ. ಬೇಡದ್ದು ಉದುರಿಹೋಯಿತು.

ಆ ನೀರು ಈಗ ಬದಲಾಗುತ್ತಿದೆ. ಅಂಟಾರ್ಕ್ಟಿಕಾದ ಸುತ್ತಲ ಕಡಲಮಂಜು ಫೆಬ್ರುವರಿಯಲ್ಲಿ ಸುಮಾರು 30 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದಷ್ಟು. ಸೆಪ್ಟೆಂಬರಿನಲ್ಲಿ ಅದು ಭಾರತದ ಐದು ಪಟ್ಟಿಗೂ ಹೆಚ್ಚು ಹರಡುತ್ತದೆ. 2023ರಲ್ಲಿ ಎರಡೂ ತಿಂಗಳ ಅಳತೆ, ಉಪಗ್ರಹಗಳು ಅಳೆಯಲು ತೊಡಗಿದ ಮೇಲಿನ ಅತಿ ಕಡಿಮೆಯಾಗಿತ್ತು. ಅಡಿಯ ಪಾಚಿ ಕಡಿಮೆಯಾದರೆ ಎಳೆಯ ಕ್ರಿಲ್‌ಗೆ ಮೇವು ಕಡಿಮೆ. ಮೀನಿಗಂತೂ ದಕ್ಷಿಣಕ್ಕೆ ಇನ್ನೂ ಸರಿಯಲು ಜಾಗವಿಲ್ಲ. ಅತ್ತ ನೆಲ.

ಹೊರಟುಹೋಗುವುದೂ ಒಂದು ಉಪಾಯವೇ. ಅದು ಮೀನಿಗಿಲ್ಲ. ರೆಕ್ಕೆ ಇದ್ದವರಿಗಿದೆ. ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಎಂಬ ಹಕ್ಕಿ ಅಂಟಾರ್ಕ್ಟಿಕಾದ ಕಲ್ಲುಸಂದಿಗಳಲ್ಲಿ ಮರಿ ಮಾಡುತ್ತದೆ. ತೂಕ 40 ಗ್ರಾಂ ಆಸುಪಾಸು. ಕ್ರಿಲ್ ತಿನ್ನುತ್ತದೆ. ಅಲ್ಲಿ ಚಳಿಗಾಲ ಬಂದೊಡನೆ ಉತ್ತರಕ್ಕೆ ಹಾರಿ ಅರಬ್ಬೀ ಸಮುದ್ರಕ್ಕೂ ಬರುತ್ತದೆ. ನಮ್ಮ ಕರಾವಳಿಯಾಚೆ ಆಳಕಡಲಿನಲ್ಲಿ ಕಾಣಸಿಗುತ್ತದೆ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು, ಆಗಸ್ಟಿನಲ್ಲಿ ಮಲ್ಪೆ, ಮಂಗಳೂರಿನ ಬೋಟುಗಳು ಕಡಲಿಗೆ ಇಳಿದ ಮೇಲೆ, ಅವುಗಳಲ್ಲಿ ಹೋಗುವ ಕೇಳುಗರು ಯಾರಾದರೂ ಇದ್ದರೆ ಗಮನಿಸಿ. ಕಪ್ಪು ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಕಾಲು ಇಳಿಬಿಟ್ಟು ಅಲೆಯ ಮೇಲೆ ಓಡುತ್ತಿದೆಯೋ ಎಂಬ ಹಾಗೆ ಹಾರುತ್ತದೆ. ಬಲೆ ಎಳೆಯುವ ಹೊತ್ತಿಗೆ ಬೋಟಿನ ಹಿಂದೆ ಬರುವುದುಂಟು. ದಡದಿಂದ ಕಾಣುವುದು ಅಪರೂಪ.